ಮೋಟಾರ್ ಆ್ಯಪಿಗೆ ನಾನು ಬರೆದ ನಾಲ್ಕು ಸಾಲು

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ನಮ್ಮ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡ ಛಂದ ಬರೀತೀರೇನ್ರಿ?"

ತಪ್ಪಿಲ್ಲದೆ ಬರೆಯುತ್ತೀರಾ ಎಂಬುದು ಅವರ ಮಾತಿನ ಅರ್ಥ. ನಾನು ಕೇಳಿಸಿಕೊಂಡದ್ದು ಬೇರೆಯೇ. ಕನ್ನಡ ಎಂ.ಎ. ಮುಗಿಸಿ, ಪತ್ರಿಕೆಗಳ ಭಾನುವಾರದ ಪುಟದಲ್ಲಿ ಹನ್ನೊಂದು ಕವಿತೆ ಅಚ್ಚಾಗಿ, ಹನ್ನೆರಡನೆಯದು ಬಂದೀತೆಂದು ಎರಡು ವರ್ಷದಿಂದ ಕಾಯುತ್ತಿದ್ದವಳು ನಾನು. "ಛಂದ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೊನೆಗೂ ನನ್ನನ್ನು ಗುರುತಿಸುವವರೊಬ್ಬರು ಸಿಕ್ಕರು ಅಂದುಕೊಂಡೆ.

ಕಂಪನಿ ಅಂದರೆ ಆಳಂದದಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿದ್ದ ಎರಡು ಕೋಣೆ, ನಾವು ಐದು ಮಂದಿ. ನೀರೆತ್ತುವ ಮೋಟಾರಿನ ಸ್ಟಾರ್ಟರಿಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸುತ್ತಿದ್ದೆವು. ಅದರೊಳಗೆ ಸಿಮ್ ಕಾರ್ಡು ಇರುತ್ತದೆ. ರೈತರು ತಮ್ಮ ಫೋನಿನ ಆ್ಯಪಿನಲ್ಲಿ ಹಸಿರು ಗುಂಡಿ ಒತ್ತಿದರೆ ಹೊಲದಲ್ಲಿ ಮೋಟಾರು ಚಾಲೂ, ಕೆಂಪು ಒತ್ತಿದರೆ ಬಂದ್. ಕರೆಂಟು ಬಂದಾಗಲೆಲ್ಲ ಬಾವಿಯ ತನಕ ನಡೆಯುವ ಕೆಲಸ ತಪ್ಪುತ್ತಿತ್ತು. ರೈತರ ಫೋನು ಎತ್ತುವುದು ಮತ್ತು ಆ್ಯಪಿಗೆ ಸಂಬಂಧಿಸಿದ ಕನ್ನಡವನ್ನೆಲ್ಲ ಬರೆಯುವುದು ನನ್ನ ಕೆಲಸ.

ಆ್ಯಪಿನಲ್ಲಿ ಏನಾದರೂ ಬದಲಾದಾಗಲೆಲ್ಲ "ಹೊಸದೇನು" ಎಂಬ ತಲೆಬರಹದ ಕೆಳಗೆ ನಾಲ್ಕಾರು ಸಾಲು ಹಾಕಬೇಕು. ಅದನ್ನೇ ವಾಟ್ಸಾಪಿನಲ್ಲಿ ಎಲ್ಲ ಗ್ರಾಹಕರಿಗೂ ಕಳಿಸಬೇಕು. ನಾನು ಬರುವ ಮೊದಲು ಅಲ್ಲಿ ಪ್ರತಿ ಸಲವೂ ಒಂದೇ ಸಾಲು ಇರುತ್ತಿತ್ತು: "ದೋಷ ನಿವಾರಣೆ ಮತ್ತು ಕಾರ್ಯಕ್ಷಮತೆಯ ಸುಧಾರಣೆ." ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಇಷ್ಟು ದೊಡ್ಡ ಓದುಗ ಬಳಗಕ್ಕೆ ಇಂಥ ಒಣ ಮಾತೇ? ನನ್ನ ಕವಿತೆಗಳನ್ನು ಓದಿದವರು, ನನ್ನ ತಾಯಿಯನ್ನೂ ಸೇರಿಸಿ, ಕೈಬೆರಳಿಗಿಂತ ಹೆಚ್ಚಿರಲಿಕ್ಕಿಲ್ಲ. ಇಲ್ಲಿ ಮೂರು ತಾಲ್ಲೂಕಿನ ರೈತರು ನನ್ನ ಮುಂದೆ ಕುಳಿತಿದ್ದರು.

ಹಾಗಾಗಿ ಬರೆಯತೊಡಗಿದೆ. ಗುಂಡಿಯ ಗಾತ್ರ ದೊಡ್ಡದಾದರೆ "ನಿಮ್ಮ ಬೆರಳ ತುದಿಗೆ ವಿಶಾಲ ಆಗಸ" ಎಂದು ಬರೆದೆ. ಆ್ಯಪು ಬೇಗ ತೆರೆಯುವಂತಾದಾಗ "ಮಿಂಚಿನ ಸಂಚಾರ" ಎಂದೆ. ಯಾರೂ ಏನೂ ಹೇಳಲಿಲ್ಲ. ಮೌನವೆಂದರೆ ಮೆಚ್ಚುಗೆಯೆಂದು ತಿಳಿಯುವುದು ಕವಿತೆ ಬರೆಯುವವರಿಗೆ ಅಭ್ಯಾಸವಾಗಿರುತ್ತದೆ.

ಒಬ್ಬರು ಮಾತ್ರ ಫೋನು ಮಾಡಿದರು. ಜೇವರ್ಗಿಯ ನಿವೃತ್ತ ಶಾಲಾ ಮಾಸ್ತರರು. ತೊಗರಿ, ಹತ್ತಿ ಬೆಳೆಯುತ್ತಿದ್ದರು.

"ಮೇಡಂ, ನಿಮ್ಮ ಸಂದೇಶ ಎರಡು ಸಲ ಓದಿದೆ. ಭಾಷಾ ಛಲೋ ಅದ. ಆದ್ರ ಆ್ಯಪಿನ್ಯಾಗ ಬದಲಾಗಿದ್ದೇನು?"

ಆ ಸಲದ ಬದಲಾವಣೆ, ಕರೆಂಟು ಹೋಗಿ ಬಂದರೆ ಫೋನಿಗೆ ಒಂದು ಸದ್ದು ಬರುತ್ತದೆ ಎಂಬುದಷ್ಟೇ. ಹಾಗೆಂದು ಹೇಳಿದೆ.

"ಹೌದೇನ್ರಿ? ಮತ್ತ ಇದನ್ನೇ ಬರದ್ರ ಆಗ್ತಿರಲಿಲ್ಲೇನು?"

"ನೋಡ್ತೀನಿ ಸರ್," ಎಂದು ಫೋನಿಟ್ಟೆ. ಪಕ್ಕದವರ ಕಡೆ ತಿರುಗಿ, "ಜೀವನಪೂರ್ತಿ ಪಾಠ ಹೇಳಿದವರಿಗೆ ರಸ ಅನ್ನೋದೇ ಉಳಿದಿರಂಗಿಲ್ಲ ನೋಡ್ರಿ," ಅಂದೆ. ಹೇಳಲು ನಾಚಿಕೆಯಾಗುತ್ತದೆ. ಆದರೆ ಅಂದದ್ದು ನಿಜ.

ಪಕ್ಕದವರೆಂದರೆ ನಮ್ಮ ಪ್ರೋಗ್ರಾಮರ್. ಅಫಜಲಪುರದ ತವರಿನಿಂದ ಆಳಂದಕ್ಕೆ ಮದುವೆಯಾಗಿ ಬಂದವಳು, ಒಂದು ಮಗುವಿನ ತಾಯಿ. ಆ್ಯಪನ್ನು ಪೂರ್ತಿ ಬರೆದವಳು ಅವಳೇ. ಮಾತು ಬಹಳ ಕಡಿಮೆ. ಏನು ಬದಲಾಯಿಸಿದರೂ ನನಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು ಕಳಿಸುವಳು. ಅದನ್ನು ನಾನು ಕನ್ನಡಕ್ಕೆ ತರಬೇಕು.

ಆ ಸೋಮವಾರ ಬಂದ ಸಾಲು ಹೀಗಿತ್ತು: "ಆಟೋ ಆಫ್ ಡಿಫಾಲ್ಟ್ ರಿಮೂವ್ಡ್."

ಆಟೋ ಗೊತ್ತಿತ್ತು. ಆಫ್ ಗೊತ್ತಿತ್ತು. ತೆಗೆದುಹಾಕಿದ್ದಾರೆಂದೂ ಗೊತ್ತಾಯಿತು. ನಡುವಿನ ಡಿಫಾಲ್ಟ್ ಏನೆಂದು ತಿಳಿಯಲಿಲ್ಲ. ಕೇಳಬಹುದಿತ್ತು. ಅವಳು ಕುಳಿತಿದ್ದದ್ದು ನನ್ನಿಂದ ಎರಡು ಮಾರು ದೂರದಲ್ಲಿ. ಆದರೆ ಹಿಂದಿನ ವಾರವಷ್ಟೇ ಅವಳು ಬರೆದ ಒಂದು ಕನ್ನಡ ವಾಕ್ಯದಲ್ಲಿ ಅಕಾರ ಹಕಾರಗಳ ತಪ್ಪು ತೋರಿಸಿ, ಎಲ್ಲರ ಮುಂದೆ ಹತ್ತು ನಿಮಿಷ ಪಾಠ ಮಾಡಿದ್ದೆ. ಅಂಥವಳ ಹತ್ತಿರ ಹೋಗಿ "ಡಿಫಾಲ್ಟ್ ಅಂದ್ರ ಏನವ್ವಾ?" ಅಂತ ಕೇಳುವುದು ಹೇಗೆ?

ಕೇಳಲಿಲ್ಲ, ಊಹಿಸಿದೆ. ಮೋಟಾರನ್ನು ನಿಲ್ಲಿಸುವ ಯಾವುದೋ ಒಂದನ್ನು ತೆಗೆದಿದ್ದಾರೆ. ಅಂದರೆ ಅಡ್ಡಿ ದೂರವಾಗಿದೆ. ಒಳ್ಳೆಯದೇ ಆಗಿರಬೇಕು. ಆ ಮಧ್ಯಾಹ್ನವೆಲ್ಲ ಕೂತು, ಮೂರು ಸಲ ತಿದ್ದಿ, ನಾಲ್ಕು ಸಾಲು ಬರೆದೆ:

"ಆತ್ಮೀಯ ಅನ್ನದಾತರೇ, ಹೊಸ ಆವೃತ್ತಿಯ ಹೊಸ ಬೆಳಕಿಗೆ ಸ್ವಾಗತ. ಕಾಲದ ಕಟ್ಟುಪಾಡಿನಿಂದ ನಿಮ್ಮ ಮೋಟಾರಿಗೆ ಇಂದು ಬಿಡುಗಡೆ. ನಿಮ್ಮ ಹೊಲದಲ್ಲಿ ಜಲಸಿರಿ ನಿರಂತರ ಹರಿಯಲಿ. ನಿಮ್ಮ ಬಾಳು ಹಸಿರಾಗಲಿ."

ಸಂಜೆಗೆ ಎಲ್ಲರಿಗೂ ಕಳಿಸಿದೆ. ರಾತ್ರಿ ಊಟದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು, "ನಿಮಗೂ ಶುಭಾಶಯಗಳು" ಎಂಬ ಮಾತುಗಳು. ಹಿಂದೆಂದೂ ಇಷ್ಟು ಉತ್ತರ ಬಂದಿರಲಿಲ್ಲ. ಮರುದಿನ ಮಾಲೀಕರಿಗೆ ಫೋನು ಹಿಡಿದು ಒಂದೊಂದಾಗಿ ತೋರಿಸಿದೆ. ಅವರೂ ತಲೆದೂಗಿದರು.

ಬುಧವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೇ ಕರಜಗಿಯಿಂದ ಫೋನು ಬಂತು. ಅಫಜಲಪುರ ತಾಲ್ಲೂಕಿನ ಆ ಊರಲ್ಲಿ ನಮ್ಮ ಪೆಟ್ಟಿಗೆ ಎಲ್ಲರಿಗಿಂತ ಮೊದಲು ಹಾಕಿಸಿಕೊಂಡ ಹೆಂಗಸಿನ ಫೋನು. ಅರವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನು ತಾವೇ ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು.

"ತಂಗಿ, ನಿನ್ನಿ ನಿಮ್ಮ ಮೋಟಾರ್ ಬಂದ್ ಆಗೇ ಇಲ್ಲ. ಕಬ್ಬಿನ್ಯಾಗ ಮೊಣಕಾಲ ಮಟ ನೀರು ನಿಂತಾವ. ಒಡ್ಡು ಒಡದು ದಾರಿಗಿ ಬಂದಾವ. ಮುಂಜಾನಿ ಬಾಜೂದವರ ಕಬ್ಬಿನ ಟ್ರ್ಯಾಕ್ಟರ್ ಆ ದಾರಿಯಾಗ ಸಿಕ್ಕೊಂಡದ. ಮಂದಿ ನನ್ನ ಮನಿ ಮುಂದ ಬಂದು ಕುಂತಾರ. ನಾ ಏನ್ ಹೇಳ್ಲಿ ಅವರಿಗಿ?"

ಹಿಂದಿನ ದಿನ ಆಯಿ ಗೊಬ್ಬೂರಿಗೆ ಬೀಗರ ಮನೆಯ ನಿಶ್ಚಯಕ್ಕೆ ಹೋಗಿದ್ದರು. ಕರೆಂಟು ಬರುವ ಹೊತ್ತಿಗೆ ಅಲ್ಲಿಂದಲೇ ಹಸಿರು ಗುಂಡಿ ಒತ್ತಿ, ಫೋನನ್ನು ಚೀಲದಲ್ಲಿಟ್ಟು ನೆಂಟರ ನಡುವೆ ಕುಳಿತಿದ್ದರು. ಒಂದು ತಾಸಾದ ಮೇಲೆ ಮೋಟಾರು ತಾನಾಗಿಯೇ ನಿಲ್ಲುತ್ತಿತ್ತು. ಪೆಟ್ಟಿಗೆ ಹಾಕಿಸಿದ ದಿನದಿಂದ ಹಾಗೇ ನಡೆದುಕೊಂಡು ಬಂದಿತ್ತು. ಆ ದಿನ ಮಾತ್ರ ಕರೆಂಟು ಹೋಗುವ ತನಕ ನಿಂತಿರಲಿಲ್ಲ.

ನಾನು ಧೈರ್ಯದಿಂದ, "ಆಯಿ, ಅದು ಏನೋ ತಾಂತ್ರಿಕ ಸಮಸ್ಯೆ ಆಗೇದ. ನೋಡಾಕತ್ತೇವಿ," ಅಂದು ಫೋನಿಟ್ಟೆ. ಆಮೇಲೆ ಪ್ರೋಗ್ರಾಮರ್ ಕಡೆ ತಿರುಗಿ, ಸ್ವಲ್ಪ ಗದರುವ ದನಿಯಲ್ಲೇ, ಕರಜಗಿಯ ಮೋಟಾರು ಒಂದು ತಾಸಿಗೆ ನಿಲ್ಲಲಿಲ್ಲವಂತೆ ಎಂದೆ.

ಅವಳು ಮೆಲ್ಲಗೆ ಹೇಳಿದಳು: "ಅದು ಸಮಸ್ಯೆ ಅಲ್ರಿ ಅಕ್ಕಾರ. ಈ ಸಲ ಬದಲ್ ಮಾಡಿದ್ದೇ ಅದು. ಬಾಳ ಮಂದಿ, ಪೂರಾ ನೀರು ಹಾಯೂದ್ರಾಗ ಮೋಟಾರ್ ನಿಂದರ್ತದ ಅಂತ ತಕರಾರ್ ಮಾಡಿದ್ರಲ್ಲ? ಅದಕ್ಕ ಒಂದ್ ತಾಸಿಂದು ತೆಗದೀನಿ. ಈಗ ಬೇಕಂದವ್ರು ತಾವೇ ಟೈಮ್ ಹಚ್ಚಬೇಕು. ನೀವು ಎಲ್ಲರಿಗೂ ಬರದು ಕಳಿಸೀರಲ್ಲ?"

ನಾನು ಬರೆದದ್ದನ್ನು ತೆಗೆದು ಮತ್ತೆ ಓದಿದೆ. ಜಲಸಿರಿ ನಿರಂತರ ಹರಿಯಲಿ. ಅಷ್ಟರಲ್ಲಿ ಇನ್ನೂ ಎರಡು ಫೋನು ಬಂದವು. ಒಬ್ಬರ ಉಳ್ಳಾಗಡ್ಡಿ ಮಡಿಯಲ್ಲಿ ನೀರು ನಿಂತಿತ್ತು. ಇನ್ನೊಬ್ಬರ ಬಾವಿ ತಳ ಕಂಡಿತ್ತು.

ಮಾಲೀಕರು ಎಲ್ಲ ಕೇಳಿಸಿಕೊಂಡು, ಸಿಟ್ಟು ಮಾಡಲಿಲ್ಲ. "ಕರಜಗಿಗೆ ನೀವೇ ಹೋಗ್ರಿ. ಬರದವ್ರು ನೀವಲ್ಲ?" ಅಂದರು. ಪ್ರೋಗ್ರಾಮರ್ ತಾನೂ ಬರುತ್ತೇನೆಂದು ಚೀಲ ಎತ್ತಿಕೊಂಡಳು. ಹೊರಡುವ ಮೊದಲು, ಮೋಟಾರಿನ ಮೇಲೆ ಕಣ್ಣಿಡಿರಿ ಎಂದು ಎಲ್ಲರಿಗೂ ಫೋನು ಮಾಡುವ ಕೆಲಸವನ್ನು ಉಳಿದವರು ಹಂಚಿಕೊಂಡರು.

ಬಸ್ಸು ಬದಲಿಸಿ ಕರಜಗಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಆವತ್ತು ನಾನು ಇಸ್ತ್ರಿ ಮಾಡಿದ ಬಿಳಿ ಅಂಚಿನ ಇಳಕಲ್ ಸೀರೆ ಉಟ್ಟಿದ್ದೆ. ಹೊಲದ ದಾರಿಯಲ್ಲಿ ಹತ್ತು ಹೆಜ್ಜೆ ಇಡುವುದರೊಳಗೆ ಎಡಗಾಲಿನ ಚಪ್ಪಲಿಯನ್ನು ಕರಿಮಣ್ಣು ನುಂಗಿತು. ಬಗ್ಗಿ ಎಳೆಯಲು ಹೋದರೆ ಪಟ್ಟಿ ಮಾತ್ರ ಕೈಗೆ ಬಂತು. ಬಲಗಾಲಿನದನ್ನೂ ಕಳಚಿ ಕೈಯಲ್ಲಿ ಹಿಡಿದು ನಡೆದೆ. ಪ್ರೋಗ್ರಾಮರ್ ಬಸ್ಸಿಳಿದ ಕೂಡಲೇ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ನನಗೂ ಹೇಳಿದ್ದಳಂತೆ. ನಾನು ಆಯಿಯ ಮುಂದೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಕೇಳಿಸಿರಲಿಲ್ಲ.

ದಾರಿಯ ನಡುವೆ ಕಬ್ಬು ಹೇರಿದ ಟ್ರ್ಯಾಲಿ ಒಂದು ಕಡೆ ವಾಲಿ ನಿಂತಿತ್ತು. ಗಾಲಿ ಅರ್ಧ ಹೂತಿತ್ತು. ಏಳೆಂಟು ಮಂದಿ ಅದರ ಅಡಿಗೆ ಕಲ್ಲು, ಕಬ್ಬಿನ ಒಣಗರಿಯ ರವದಿ ತುಂಬುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿದ ಆಯಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಅವರ ನಡುವೆ ನಿಂತು ಸಲಿಕೆ ಹಿಡಿದಿದ್ದರು.

"ಬಾ ತಂಗಿ," ಅಂದರು. ಆಮೇಲೆ ಮಂದಿಗೆ, "ಮೋಟಾರಿನ ಕಂಪನಿಯವರು ಬಂದಾರ ನೋಡ್ರಿ."

ಟ್ರ್ಯಾಕ್ಟರಿನ ಚಾಲಕ ನನ್ನ ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನು ನೋಡಿದ. ಮತ್ತೆ ಗಾಲಿಯ ಕಡೆ ಬಗ್ಗಿದ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಆದರೆ ನನ್ನ ಬಾಯಿಂದ ಬಂದದ್ದು, "ಆಯಿ, ಸೋಮವಾರನೇ ನಿಮಗ ಸಂದೇಶ ಕಳಿಸಿದ್ವಿ," ಎಂಬ ಮಾತು. ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ.

"ಯಾವ ಸಂದೇಶ?" ಆಯಿ ಸೊಂಟದಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. "ಓದು, ಎಲ್ಲಾರೂ ಕೇಳ್ಲಿ."

ಓದಿದೆ. ಕವಿಗೋಷ್ಠಿಗಳಲ್ಲಿ ಓದಿ ನನಗೆ ರೂಢಿಯಿತ್ತು. ಮೈಕು ಕೆಟ್ಟದ್ದೂ ಉಂಟು, ಮುಂದಿನ ಸಾಲಿನವರು ಎದ್ದು ಹೋದದ್ದೂ ಉಂಟು. ಆದರೆ ನನ್ನ ಮಾತು ತಂದಿಟ್ಟ ನೀರಿನಲ್ಲೇ ಬರಿಗಾಲಿನಲ್ಲಿ ನಿಂತು ಅದೇ ಮಾತನ್ನು ಓದಿದ್ದು ಅದೊಂದೇ ಸಲ. "ನಿಮ್ಮ ಹೊಲದಲ್ಲಿ ಜಲಸಿರಿ ನಿರಂತರ ಹರಿಯಲಿ" ಎಂಬ ಸಾಲನ್ನು ಅವಸರವಾಗಿ ದಾಟಿದೆ.

ಚಾಲಕ ಗಾಲಿಯ ಕಡೆ ನೋಡುತ್ತ, "ಹರದಾವಲ್ರಿ, ಮೇಡಂ ಹೇಳ್ದಂಗೇ," ಅಂದ. ಎಲ್ಲರೂ ನಕ್ಕರು. ಕಲ್ಲು ಹೊತ್ತುಕೊಂಡಿದ್ದವನೊಬ್ಬ ನಗು ತಡೆಯಲಾಗದೆ ಕಲ್ಲು ಕೆಳಗಿಟ್ಟ.

ಆಯಿ ನಗಲಿಲ್ಲ. "ನಾ ಇದನ್ನ ಯಾವ್ದೋ ಹಬ್ಬದ ಶುಭಾಶಯ ಅಂತ ತಿಳ್ಕೊಂಡಿದ್ದೆ. ಕೈ ಮುಗಿದಿದ್ದೊಂದು ಚಿತ್ರ ತಿರುಗಿ ಕಳಿಸೀನಿ ನೋಡು," ಅಂದರು. ನಾನು ಮಾಲೀಕರಿಗೆ ತೋರಿಸಿ ಹೆಮ್ಮೆಪಟ್ಟಿದ್ದ ಕೈಗಳಲ್ಲಿ ಆಯಿಯ ಕೈಗಳೂ ಇದ್ದವು.

"ಈಗ ಬಾಯಿಲೆ ಹೇಳು. ಏನ್ ಬದಲ್ ಮಾಡೀರಿ?"

"ಅಂದ್ರ ಆಯಿ, ಸ್ವಯಂಚಾಲಿತವಾಗಿ ಸ್ಥಗಿತಗೊಳ್ಳುವ ವ್ಯವಸ್ಥೆ..."

"ಏನಂತ?"

ಪ್ರೋಗ್ರಾಮರ್ ಹಿಂದಿನಿಂದ ಹೇಳಿದಳು: "ಆಯಿ, ಮೊದ್ಲ ಮೋಟಾರ್ ಒಂದ್ ತಾಸಿಗೆ ತಾನೇ ಬಂದ್ ಆಗ್ತಿತ್ತು. ಈಗ ಆಗಂಗಿಲ್ಲ. ನೀವೇ ಬಂದ್ ಮಾಡ್ಬೇಕು."

"ಇಷ್ಟೇ?"

"ಇಷ್ಟೇರಿ."

ಆಯಿ ನನ್ನ ಮುಖ ನೋಡಿದರು. "ಮತ್ತ ಇದನ್ನ ಹೇಳಾಕ ನಿನಗ ಏನ್ ಧಾಡಿ ಆಗಿತ್ತು ಬೇ?"

ಸೀರೆ ಎತ್ತಿ ಕಟ್ಟಿ ಒಂದು ಬುಟ್ಟಿ ಎತ್ತಿಕೊಂಡು ರವದಿ ಹೊರತೊಡಗಿದೆ. ಮೂರನೇ ಬುಟ್ಟಿಗೆ ಒಬ್ಬಾಕೆ ಬಂದು, "ಬ್ಯಾಡ್ರಿ ಅಕ್ಕಾರ, ನೀವು ನಡುವ ನಿಂತ್ರ ನಮಗ ತ್ರಾಸ ಆಗ್ತದ," ಎಂದು ಕೈಯಿಂದ ಬುಟ್ಟಿ ತೆಗೆದುಕೊಂಡಳು. ಸಂಜೆಯ ಮುಂಚೆ ಇನ್ನೊಂದು ಟ್ರ್ಯಾಕ್ಟರು ಬಂದು ಎಳೆದಾಗ ಟ್ರ್ಯಾಲಿ ಮೇಲೆ ಬಂತು. ಪ್ರೋಗ್ರಾಮರ್ ಒಡ್ಡಿನ ಮೇಲೆ ಕೂತು ಆಯಿಯ ಫೋನಿನಲ್ಲಿ ಒಂದು ತಾಸಿನ ಟೈಮ್ ಹಚ್ಚಿಕೊಟ್ಟಳು. ಆಯಿ ಬೈದಷ್ಟು ಬೈದು, ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಿ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಹೊರಡುವಾಗ ತಮ್ಮ ಹಳೆಯ ಚಪ್ಪಲಿ ಜೋಡಿಯೊಂದನ್ನು ನನ್ನ ಮುಂದೆ ತಂದಿಟ್ಟರು.

ಬಸ್ಸಿನಲ್ಲಿ ಕೂತು, ಪ್ರೋಗ್ರಾಮರ್ ಆಡಿದ ಮೂರು ವಾಕ್ಯವನ್ನು ಹಾಗೇ ಟೈಪು ಮಾಡಿ, ಟೈಮ್ ಹಚ್ಚುವ ಬಗೆಯನ್ನು ಒಂದು ಸಾಲಿನಲ್ಲಿ ಸೇರಿಸಿ ಎಲ್ಲರಿಗೂ ಕಳಿಸಿದೆ. ಕೊನೆಗೆ "ಶುಭವಾಗಲಿ" ಎಂದು ಹಾಕಲು ಬೆರಳು ತುಡಿಯಿತು. ಪಕ್ಕದಲ್ಲಿ ಅವಳು ನೋಡುತ್ತಿದ್ದಳು. ಹಾಕಲಿಲ್ಲ. ಫೋನನ್ನು ಚೀಲದಲ್ಲಿಟ್ಟು ಅವಳನ್ನು ಕೇಳಿದೆ: "ಡಿಫಾಲ್ಟ್ ಅಂದ್ರ ಏನವ್ವಾ?"

"ನಾವು ಏನೂ ಮುಟ್ಟದಿದ್ರ ಅದು ತಾನೇ ಹೆಂಗ ಇರ್ತದಲ್ರಿ, ಅದು," ಅಂದಳು. ಅಷ್ಟು ಸಣ್ಣ ಮಾತು. ನನ್ನ ಡಿಫಾಲ್ಟ್ ಯಾವುದೆಂದು ನನಗೆ ಆಗಲೇ ಗೊತ್ತಾಗಿತ್ತು. ತಿಳಿಯದ್ದನ್ನು ಕೇಳದೆ ಅಲಂಕಾರದಲ್ಲಿ ಮುಚ್ಚುವುದು.

ಅಲ್ಲಿಗೆ ಬುದ್ಧಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಬದಲಾವಣೆಗೆ ನಾನು ಇನ್ನೊಂದು ತುದಿಗೆ ಹೋಗಿ ನಿಂತೆ. ಏನೂ ಬಿಡಬಾರದೆಂದು ಹದಿನೆಂಟು ಅಂಶ ಬರೆದೆ. ಅಕ್ಷರದ ಬಣ್ಣ ಬದಲಾದದ್ದು, ಪರದೆಯ ಅಂಚು ಅಗಲವಾದದ್ದು, ಎಲ್ಲ. ಆ ಸಲ ರೈತರಿಗೆ ಗೊತ್ತಾಗಲೇಬೇಕಾಗಿದ್ದದ್ದು ಒಂದೇ: ಕೆಂಪು ಗುಂಡಿ ಇನ್ನು ಮೇಲೆ ಬಲಗಡೆ ಇರುತ್ತದೆ, ಹಸಿರು ಎಡಗಡೆ. ಅದು ಹದಿಮೂರನೆಯದಾಗಿತ್ತು.

ಜೇವರ್ಗಿಯ ಮಾಸ್ತರರ ಫೋನು ಬಂತು. "ಮೇಡಂ, ಈ ಸಲ ಎಲ್ಲಾ ಬರದೀರಿ. ಶಾಭಾಸ್. ಆದ್ರ ಹದಿಮೂರನೇದು ಒಂದನೇದು ಆಗ್ಬೇಕಿತ್ತಲ್ರಿ? ನಾ ಅಲ್ಲೀತನಕ ಬರೂದ್ರಾಗ ಎರಡು ಸಲ ತಪ್ಪು ಗುಂಡಿ ಒತ್ತೀನಿ."

ಈ ಸಲ ಅವರಿಗೆ ರಸವಿಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. "ಸರ್, ಇನ್ನ ಮ್ಯಾಲ ಕಳಿಸೂಕಿಂತ ಮೊದ್ಲ ನಿಮಗ ಓದಿ ಹೇಳ್ಲೇನ್ರಿ?" ಎಂದು ಕೇಳಿದೆ.

"ನನಗ ಓದಬ್ಯಾಡ್ರಿ. ನಾ ಮಾಸ್ತರ, ತಿಳೀದಿದ್ರೂ ತಿಳದಂಗ ಹ್ಞೂಂ ಅಂತೀನಿ. ತಿಳೀಲಿಲ್ಲಂದ್ರ ಬೈಯೋರಿಗಿ ಓದ್ರಿ."

ಅಂಥವರೊಬ್ಬರು ನನಗೆ ಗೊತ್ತಿದ್ದರು. ಅಂದಿನಿಂದ ಏನೇ ಬರೆದರೂ ಕಳಿಸುವ ಮೊದಲು ಕರಜಗಿಯ ಆಯಿಗೆ ಫೋನು ಮಾಡಿ ಓದುತ್ತೇನೆ. ಅವರು "ಅಂದ್ರ?" ಅಂದರೆ ಆ ಮಾತನ್ನು ಹೊಡೆದುಹಾಕುತ್ತೇನೆ. "ಆವೃತ್ತಿ" ಹೋಯಿತು, "ಆಯ್ಕೆ" ಹೋಯಿತು, "ಅವಧಿ" ಹೋಗಿ "ತಾಸು" ಬಂತು. "ಅನ್ನದಾತರೇ" ಎಂಬುದನ್ನು ಉಳಿಸಿಕೊಳ್ಳಲು ಬಹಳ ಪ್ರಯತ್ನಿಸಿದೆ. "ಅದು ಯಾರು?" ಎಂದು ಕೇಳಿದರು ಆಯಿ. ಅದೂ ಹೋಯಿತು. ಒಂದು ಸಲ ಅವರು ಮೊದಲಿನಿಂದ ಕೊನೆಯ ತನಕ ಎಲ್ಲೂ ತಡೆಯದೆ ಕೇಳಿದರು. ಹಿಗ್ಗಿ ಹೋದೆ. ಆಮೇಲೆ ನೋಡಿದರೆ ಫೋನು ನಡುವೆಯೇ ಕಟ್ಟಾಗಿತ್ತು.

ಕಳೆದ ಬೇಸಿಗೆಯಲ್ಲಿ ನಿಜವಾದ ಪರೀಕ್ಷೆ ಬಂತು. ನಾವು ಬಿಟ್ಟ ಒಂದು ಬದಲಾವಣೆಯಲ್ಲಿ ತಪ್ಪು ನುಸುಳಿತ್ತು. ಕೆಲವು ಹಳೆಯ ಫೋನುಗಳಲ್ಲಿ, ಮೋಟಾರು ನಡೆಯುತ್ತಿದ್ದರೂ ಪರದೆಯ ಮೇಲೆ "ಬಂದ್" ಎಂದು ತೋರಿಸುತ್ತಿತ್ತು. ಪ್ರೋಗ್ರಾಮರ್ ತಾನೇ ಅದನ್ನು ಕಂಡುಹಿಡಿದು, ಎರಡು ತಾಸಿನಲ್ಲಿ ಸರಿಪಡಿಸಿ ಹೊಸ ಆ್ಯಪು ಬಿಟ್ಟಳು. ಆದರೆ ಅದು ತಾನಾಗಿಯೇ ಎಲ್ಲರ ಫೋನಿಗೂ ಇಳಿಯಲು ಒಂದೆರಡು ದಿನ ಬೇಕು; ರೈತರು ತಾವೇ ಹಾಕಿಕೊಳ್ಳದಿದ್ದರೆ ಅಲ್ಲಿಯ ತನಕ ಹಳೆಯದು ಸುಳ್ಳು ಹೇಳುತ್ತಲೇ ಇರುತ್ತದೆ.

ಮಾಲೀಕರು ತಲೆ ಕೆರೆದುಕೊಂಡರು. "ಸಣ್ಣ ಸುಧಾರಣಾ ಅಂತ ಹಾಕಿ ಬಿಡ್ರಿ. ನಮ್ಮ ತಪ್ಪು ನಾವೇ ಯಾಕ ಡಂಗುರ ಹೊಡೀಬೇಕು?"

ಒಂದು ಕಾಲದಲ್ಲಿ ಅದಕ್ಕೆ ತಕ್ಕ ಸೊಗಸಾದ ಸಾಲು ನನ್ನ ಬಳಿ ಸಿದ್ಧವಿರುತ್ತಿತ್ತು. "ಇಲ್ರಿ ಸರ್, ಮಂದಿ ನಂಬಿ ಕುಂತಿರ್ತಾರ," ಅಂದೆ. ಪ್ರೋಗ್ರಾಮರ್ ಕೂಡ, "ತಪ್ಪು ನಂದರಿ. ಬರೀಲಿ ಬಿಡ್ರಿ," ಅಂದಳು. ಮಾಲೀಕರು ತಮ್ಮ ಫೋನು ತೆಗೆದು ಮೇಜಿನ ಮೇಲಿಟ್ಟು, "ಆಯ್ತು, ಬರೀರಿ. ಫೋನ್ ಬಂದ್ರ ನಾನೂ ಎತ್ತತೀನಿ," ಅಂದರು.

ಹೀಗೆ ಬರೆದೆ: "ನಮ್ಮಿಂದ ತಪ್ಪಾಗಿದೆ. ಆ್ಯಪಿನಲ್ಲಿ ಬಂದ್ ಎಂದು ತೋರಿಸಿದರೂ ನಿಮ್ಮ ಮೋಟಾರು ನಡೆಯುತ್ತಿರಬಹುದು. ಈಗಲೇ ಹೊಸ ಆ್ಯಪು ಹಾಕಿಕೊಳ್ಳಿ. ಹಾಕಿಕೊಳ್ಳುವ ತನಕ ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ." ಆಯಿಗೆ ಓದಿದೆ. "ಅಂದ್ರ" ಅನ್ನಲಿಲ್ಲ. "ನಾ ಹೊಲಕ್ಕ ಹೊಂಟೆ," ಎಂದು ಫೋನಿಟ್ಟರು.

ಇಡೀ ದಿನ ಫೋನುಗಳು ಬಡಿದುಕೊಂಡವು. ಮಾಲೀಕರು ಹೇಳಿದ ಹಾಗೆ ತಾವೂ ಎತ್ತಿದರು. ಒಬ್ಬರು ಅವರನ್ನು ಹತ್ತು ನಿಮಿಷ ಬೈದರು. ಮಾಲೀಕರು "ಹೌದ್ರಿ, ಹೌದ್ರಿ" ಎನ್ನುತ್ತ ನಿಂತಿದ್ದರು. ಹೊಸ ಆ್ಯಪು ಹಾಕಿಕೊಳ್ಳುವುದು ಹೇಗೆ ಎಂದು ಕೇಳಿದವರೇ ಹೆಚ್ಚು.

ಮಧ್ಯಾಹ್ನದ ಮೇಲೆ ಸರಸಂಬಾದ ಒಬ್ಬ ರೈತರು ಫೋನು ಮಾಡಿದರು. ಓಡಿ ಬಂದ ಹಾಗೆ ಏದುಸಿರು ಬಿಡುತ್ತಿದ್ದರು.

"ನೀವು ಬರದದ್ದು ಓದಿ ಹೊಲಕ್ಕ ಬಂದೇನ್ರಿ. ಖರೇನೇ ಮೋಟಾರ್ ನಡದಿತ್ತು. ಬಾವ್ಯಾಗ ಇನ್ನ ಚೂರೇ ನೀರಿತ್ತು. ಬಂದ್ ಮಾಡೀನಿ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನಾಲ್ಕು ಸಾಲಿನ ಬಗ್ಗೆ ಅವರು ಇನ್ನೇನು ಒಂದು ಒಳ್ಳೆಯ ಮಾತು ಆಡುತ್ತಾರೆಂದು ಕಾದೆ. ಇಷ್ಟೆಲ್ಲ ಆದ ಮೇಲೂ ಕಾದೆ.

"ಎಂಥಾ ಆ್ಯಪ್ ಮಾಡೀರಿ ನೀವು? ಇನ್ನೊಮ್ಮಿ ಹಿಂಗ ಆಗಬಾರದು ನೋಡ್ರಿ," ಎಂದು ಗದರಿ ಅವರು ಫೋನಿಟ್ಟರು.

"ಏನಂದ್ರು ಅಕ್ಕಾರ?" ಪ್ರೋಗ್ರಾಮರ್ ಕೇಳಿದಳು.

"ಓದ್ಯಾರಂತ," ಎಂದು ಹೇಳಿ ಮುಂದಿನ ಫೋನು ಎತ್ತಿಕೊಂಡೆ.